ನಿಂತ ಕಾರಿಗೂ ವಯಸ್ಸಾಗುತ್ತದೆ

ನಮ್ಮ ಕರಾವಳಿಯ ಚಳಿಗಾಲ ಎಂದರೆ ಎಷ್ಟು? ಡಿಸೆಂಬರ್, ಜನವರಿಯ ಬೆಳಗ್ಗೆ ಒಂದಿಷ್ಟು ತಂಪು, ಅಷ್ಟೆ. ಫೆಬ್ರವರಿ ದಾಟಿದರೆ ಸೆಕೆ ಶುರು. ಅದರ ಹಿಂದೆಯೇ ಶಾಲೆಯ ರಜೆ, ಮದುವೆಗಳು, ಗಲ್ಫ್‌ನಿಂದ ಊರಿಗೆ ಬರುವವರು. ತಿಂಗಳುಗಟ್ಟಲೆ ಅಂಗಳದಲ್ಲಿ ಕವರ್ ಹೊದ್ದು ಮಲಗಿದ್ದ ಕಾರು ಒಂದೇ ಸಲ ಘಾಟಿ ಹತ್ತಬೇಕಾಗುತ್ತದೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಬಾವ ದುಬೈಯಿಂದ ಬಂದ ಮೂರನೇ ದಿನ ಬೆಂಗಳೂರಿನ ಮದುವೆಗೆ ಹೊರಟೆವು. ಐದು ಜನರ ಕಾರಿನಲ್ಲಿ ಮಕ್ಕಳು ಸೇರಿ ಎಂಟು ಜನ, ಡಿಕ್ಕಿ ತುಂಬ ಲಗೇಜು. "ಟಯರ್ ನೋಡಿದ್ದೀರಾ ಬಾವ?" ಎಂದು ಕೇಳಿದೆವು. "ಅದಕ್ಕೇನಾಗಿದೆ ಮಾರಾಯ? ಇಪ್ಪತ್ತು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ, ಹೊಸದರ ಹಾಗೆ ಉಂಟು" ಎಂದರು.

ಉಪ್ಪಿನಂಗಡಿ ದಾಟಿ ಸ್ವಲ್ಪ ದೂರ ಹೋಗುವಾಗ ಮಧ್ಯಾಹ್ನದ ಬಿಸಿಲಿಗೆ ಹಿಂದಿನ ಟಯರ್ ಸಿಡಿಯಿತು. ಕಾರು ಓಲಾಡಿ ರಸ್ತೆ ಬದಿಯ ಮಣ್ಣಿಗಿಳಿದು ನಿಂತಿತು. ಎದುರಿನಿಂದ ಲಾರಿ ಬರುತ್ತಿರಲಿಲ್ಲ, ಅದೊಂದೇ ಪುಣ್ಯ. ಮಡಿಲ ಮಗುವನ್ನು ಅಪ್ಪಿ ಕೂತ ಉಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ!

ಆಮೇಲೆ ಟಯರ್ ಅಂಗಡಿಯವರು ಟಯರಿನ ಬದಿಯಲ್ಲಿದ್ದ ನಾಲ್ಕು ಅಂಕಿ ತೋರಿಸಿದರು. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮದಕ್ಕೆ ಎಂಟು ವರ್ಷ ತುಂಬುತ್ತಾ ಬಂದಿತ್ತು. ಓಡದಿದ್ದರೂ ರಬ್ಬರ್ ಬಿಸಿಲಿಗೆ ಒಣಗುತ್ತದೆ, ಬಿರುಕು ಬಿಡುತ್ತದೆ. ಹೊರಗಿನ ಗೆರೆ ನೋಡಿ ಮೋಸ ಹೋಗಬಾರದು.

ಗಾಳಿ ಕಡಿಮೆ ಇದ್ದರೂ ಅಪಾಯವೇ. ಟಯರ್ ಹೆಚ್ಚು ಮಡಚಿ ಮಡಚಿ ಒಳಗಿಂದಲೇ ಕಾಯುತ್ತದೆ. ಮೇಲಿಂದ ಎಂಟು ಜನರ ಭಾರ. ಎಷ್ಟು ಗಾಳಿ ಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಬೆಳಗ್ಗೆ, ಟಯರ್ ತಣ್ಣಗಿರುವಾಗಲೇ ನೋಡಿಸಿ. ಓಡಿ ಬಿಸಿಯಾದ ಟಯರಿನಲ್ಲಿ ಒತ್ತಡ ಹೆಚ್ಚು ತೋರಿಸುವುದು ಸಹಜ, ಅದಕ್ಕೆ ಹೆದರಿ ಗಾಳಿ ಬಿಡಬೇಡಿ. ಸ್ಟೆಪ್ನಿಯನ್ನು ಮರೆಯಬೇಡಿ.

ಇನ್ನು ರೇಡಿಯೇಟರ್. ಕೂಲೆಂಟ್ ಕಡಿಮೆಯಾದರೆ ಬಾವಿ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಉಂಟು. ಅದರಿಂದ ಒಳಗೆ ತುಕ್ಕು, ಕಲ್ಮಶ ಕಟ್ಟುತ್ತದೆ. ಕೂಲೆಂಟನ್ನೇ ಹಾಕಿಸಿ, ಹೋಸ್ ಪೈಪುಗಳನ್ನೂ ನೋಡಿಸಿ. ಘಾಟಿಯಲ್ಲಿ ಸೂಜಿ ಕೆಂಪಿಗೆ ಏರಿದರೆ ಎಸಿ ಆಫ್ ಮಾಡಿ, ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ. ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಊರಲ್ಲಿ ತೇವಕ್ಕೆ ಬರವೇ? ಹಳೆಯ ಆಯಿಲ್ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಶಿರಾಡಿ, ಚಾರ್ಮಾಡಿ ಇಳಿಯುವಾಗ ಬ್ರೇಕನ್ನೇ ಒತ್ತಿ ಹಿಡಿಯದೆ ಕೆಳಗಿನ ಗೇರಿನಲ್ಲಿ ಬನ್ನಿ.

ನಿಂತ ಕಾರಿನ ಬ್ಯಾಟರಿ ಇಳಿದಿರುತ್ತದೆ, ಇಲಿ ವಯರ್ ಕಡಿದಿರಬಹುದು. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ಒಮ್ಮೆ ನೋಡಿ.

ತಾಯಂದಿರಿಗೊಂದು ಮಾತು. "ಐದೇ ನಿಮಿಷ" ಎಂದು ಮಕ್ಕಳನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಇಳಿಯಬೇಡಿ. ಹೊರಗೆ 35 ಡಿಗ್ರಿ ಇದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 50 ದಾಟಬಹುದು. ಗ್ಲಾಸ್ ಸ್ವಲ್ಪ ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ಸ್ಪ್ರೇ ಡಬ್ಬಿ, ಲೈಟರ್, ಪವರ್ ಬ್ಯಾಂಕ್ ಕೂಡ ಒಳಗೆ ಬಿಡಬಾರದು.

ಊರಿಗೆ ಬರುವವರು ಟಿಕೆಟ್ ಮಾಡಿದ ದಿನವೇ ಮನೆಗೆ ಒಂದು ಫೋನ್ ಮಾಡಿ, ಕಾರನ್ನು ಗ್ಯಾರೇಜಿಗೆ ಕಳಿಸಲು ಹೇಳಿ. ಬಾವ ಈಗ ಹಾಗೆಯೇ ಮಾಡುತ್ತಾರೆ. ಕಳೆದ ಸಲ ಘಾಟಿ ಹತ್ತುವಾಗ ಕಾರಿನಲ್ಲಿ ಐದೇ ಜನ ಇದ್ದೆವು. ಉಳಿದವರು ಬಸ್ಸಿನಲ್ಲಿ ಬಂದರು. ಮದುವೆಗೆ ಎಲ್ಲರೂ ಮುಟ್ಟಿದೆವು.