ಸ್ಮಾರ್ಟ್ ನಗರದ ಬಾಗಿಲು ಯಾರಿಗೆ ತೆರೆದಿದೆ?

2015ರ ಜೂನ್ 25ರಂದು ಆರಂಭವಾದ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಆಯ್ಕೆಯಾದ 100 ನಗರಗಳಲ್ಲಿ ನಮಗೆ ಉತ್ತರದ ಮಂಗಳೂರೂ ದಕ್ಷಿಣದ ಕೊಚ್ಚಿಯೂ ಸೇರಿದ್ದವು. ಕೇರಳದ ನಗರಸಭೆಗಳ ಸೇವೆಗಳೂ 2024ರ ಜನವರಿ 1ರಿಂದ 'ಕೆ-ಸ್ಮಾರ್ಟ್' ಮೂಲಕ ಫೋನಿಗೆ ಬಂದಿವೆ. ಆದರೆ ಆ ಫೋನು ಮನೆಯಲ್ಲಿ ಯಾರ ಕೈಯಲ್ಲಿದೆ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ನಗರವಾಸಿ ಗಂಡಸರಲ್ಲಿ ಶೇಕಡ 72.5 ಮಂದಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು. ಹೆಂಗಸರಲ್ಲಿ ಶೇಕಡ 51.8 ಮಾತ್ರ. ಅದೂ 15ರಿಂದ 49 ವಯಸ್ಸಿನವರ ಲೆಕ್ಕ. ಪಿಂಚಣಿಗಾಗಿ ಅಲೆಯುವ ಅಜ್ಜ ಅಜ್ಜಿಯರು ಈ ಲೆಕ್ಕದಲ್ಲೇ ಇಲ್ಲ.

ಈ ಅಂತರವನ್ನು ಕೇರಳ ಕಾಣದೆ ಇಲ್ಲ. ಮನೆಗೊಬ್ಬರಿಗೆ ಕಂಪ್ಯೂಟರ್ ಕಲಿಸಲೆಂದು 2002ರಲ್ಲಿ ಮಲಪ್ಪುರದಲ್ಲಿ ಹುಟ್ಟಿದ 'ಅಕ್ಷಯ' ಇಂದು ಜನರ ಅರ್ಜಿ ಹಾಕಿಕೊಡುವ ಕೇಂದ್ರವಾಗಿದೆ. 2025ರ ಆಗಸ್ಟ್‌ನಲ್ಲಿ ರಾಜ್ಯವನ್ನು ಪೂರ್ಣ ಡಿಜಿಟಲ್ ಸಾಕ್ಷರವೆಂದು ಘೋಷಿಸಲಾಯಿತು. ಸಂತೋಷ. ಆದರೆ ಗುಂಡಿ ಒತ್ತಲು ಕಲಿತ ಮಾತ್ರಕ್ಕೆ, ಓದಲು ಬಾರದ ಲಿಪಿಯ ಅರ್ಜಿಯನ್ನು ತುಂಬಲಾದೀತೆ?

ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಕಾಗದದ ಕಾಲದ ಆ ಹಕ್ಕು ಫೋನಿನ ಕಾಲದಲ್ಲಿ ಕಳೆದುಹೋಗಬಾರದು. ಫೋನಿನಲ್ಲಿ ಕನ್ನಡದ ಅರ್ಜಿ, ಫೋನಿಲ್ಲದವರಿಗೆ ಕಚೇರಿಯಲ್ಲಿ ತೆರೆದ ಒಂದು ಕೌಂಟರ್: ಇವೆರಡೂ ಇರಲೇಬೇಕು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?