ಮಿರಜದ ತಂಬೂರಿ

ವಾಸ್ಕೋದಿಂದ ಹೊರಡುವ ಗೋವಾ ಎಕ್ಸ್‌ಪ್ರೆಸ್ ಗಾಡಿಯು ನಮ್ಮ ಸಾಂಕೋಲೆಯನ್ನು ದಾಟಿ, ಘಟ್ಟವನ್ನೇರಿ, ಲೋಂಡಾ ಬೆಳಗಾವಿಗಳ ಮಾರ್ಗವಾಗಿ ಮಿರಜವನ್ನು ಮುಟ್ಟುತ್ತದೆ. ಬೆಳಗಾವಿಯಲ್ಲಿ ಇಳಿಯುವ ನಮ್ಮ ಮಕ್ಕಳಿಗೆ, ಮುಂದಿನ ಆ ಮಿರಜವು ತಂಬೂರಿ ಸಿತಾರಗಳ ತವರೆಂಬುದು ತಿಳಿದಿರಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ, ಆಯುಧಗಳ ಬೇಡಿಕೆ ಕುಗ್ಗಿದಾಗ, ಕತ್ತಿ ಮಸೆಯುತ್ತಿದ್ದ ಶಿಕಲಗಾರ ಮನೆತನದವರು ಅಲ್ಲಿ ಈ ಕೆಲಸವನ್ನು ಕೈಕೊಂಡರು. ಮುಂದೆ ಕಿರಾಣಾ ಘರಾಣೆಯ ಅಬ್ದುಲ್ ಕರೀಮ ಖಾನರು ಅದೇ ಊರಿನಲ್ಲಿ ನೆಲೆಸಿದರು. ಅವರ ಗಾಯನವು ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಿಗೆ ಬಂದಿತು. ಆದುದರಿಂದ ಮಿರಜವು ಕನ್ನಡಿಗರಿಗೆ ಪರಊರಲ್ಲ.

ಪಂಢರಪುರ, ಮಂಗಳವೇಢೆಗಳ ಕಡೆಯಿಂದ ದೊಡ್ಡ ಬುರುಡೆಗಳನ್ನು ತಂದು ಚೆನ್ನಾಗಿ ಒಣಗಿಸುತ್ತಾರೆ. ಅವಕ್ಕೆ ತುನ್ ಮರದ ದಂಡಿಯನ್ನು ಜೋಡಿಸಿ, ಬಿರಡೆಗಳನ್ನಿಟ್ಟು, ನಾಲ್ಕು ತಂತಿಗಳನ್ನು ಬಿಗಿಯುತ್ತಾರೆ. ಇಷ್ಟಾದರೂ ತಂಬೂರಿ ಇನ್ನೂ ಮೂಕವೇ. ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈ ಸಪಾಟಾಗಿರದೆ ಅತಿ ಸೂಕ್ಷ್ಮವಾಗಿ ಬಾಗಿರಬೇಕು. ಮಿಡಿದ ತಂತಿಯು ಅದನ್ನು ಸವರುತ್ತ ಕಂಪಿಸಬೇಕು. ತಂತಿಯಡಿಗೆ ಒಂದು ನೂಲೆಳೆಯನ್ನು ಸರಿಸಿ ತಕ್ಕ ಎಡೆಯಲ್ಲಿ ನಿಲ್ಲಿಸಿದೊಡನೆ, ಒಂದೇ ಸ್ವರದೊಳಗಿಂದ ಹಲವು ಸ್ವರಗಳು ಏಳುತ್ತವೆ. ಇದಕ್ಕೆ ಜವಾರಿ ಎನ್ನುವರು. ಅರ ಒಂದು ಸಲ ಹೆಚ್ಚಾಗಿ ಆಡಿದರೆ ಕುದುರೆ ಕೆಟ್ಟಿತು. ಇಲ್ಲಿ ಕಿವಿಯೇ ಅಳತೆಗೋಲು.

2024ರಲ್ಲಿ ಮಿರಜದ ಸಿತಾರ, ತಂಬೂರಿಗಳೆರಡಕ್ಕೂ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 1999ರ ಕಾಯಿದೆಯಂತೆ ಈ ನೋಂದಣಿ ಹತ್ತು ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಬೇರೆಡೆ ಮಾಡಿದ ವಾದ್ಯವನ್ನು ಮಿರಜದ್ದೆಂದು ಮಾರುವುದು ಈಗ ಅಪರಾಧ. ಅರ್ಜಿದಾರರು ತಮ್ಮ ಸಾಮಗ್ರಿ, ವಿಧಾನ, ತಪಾಸಣೆಯ ವ್ಯವಸ್ಥೆಗಳನ್ನು ಬರೆದುಕೊಡಬೇಕು. ಇಳಕಲ್ಲ ಸೀರೆಗೂ ಇಂಥದೇ ಮನ್ನಣೆಯುಂಟು; ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಕೂಡಿಸಿದ್ದಾರೆಯೇ ಎಂದು ನೋಡಿಯೇ ನಮ್ಮ ತಾಯಂದಿರು ಅಸಲಿಯನ್ನು ಗುರುತಿಸಬಲ್ಲರು.

ತಂಬೂರಿಯಲ್ಲಿ ಆ ಸೌಲಭ್ಯವಿಲ್ಲ. ಮರ ಯಾವುದು, ಬುರುಡೆ ಒಣಗಿದೆಯೇ ಎಂಬುದನ್ನು ಕಾಗದದ ಮೇಲೆ ನಿಯಮಿಸಬಹುದು; ಜವಾರಿಯನ್ನು ನಿಯಮಿಸುವುದೆಂತು? ತಪಾಸಣೆಗೆ ಕೈ ಪಳಗಿದ ಕುಶಲಕರ್ಮಿಯೂ ಗಾಯಕನೂ ಕುಳಿತಿರಲೇಬೇಕೆಂಬುದು ನಮ್ಮ ಅಭಿಪ್ರಾಯ. ಕಳಪೆ ವಾದ್ಯಕ್ಕೂ ಮುದ್ರೆ ಬಿದ್ದರೆ ಒಳ್ಳೆಯದನ್ನು ಮಾಡುವವನ ಶ್ರಮಕ್ಕೆ ಬೆಲೆ ಉಳಿಯದು, ಅವನ ಮಗನು ಅರವನ್ನು ಹಿಡಿಯಲಾರನು.

ಈಗ ಮೊಬೈಲಿನಲ್ಲಿಯೇ ಶ್ರುತಿ ನುಡಿಯುತ್ತದೆ, ಅಭ್ಯಾಸಕ್ಕೆ ಅದು ಸಾಕೆನ್ನುವವರೂ ಇದ್ದಾರೆ. ಮಕ್ಕಳಿಗೆ ಸಂಗೀತ ಕಲಿಸುವ ಪಾಲಕರು ಎಂದಾದರೂ ಮಿರಜದಲ್ಲಿ ಇಳಿದು, ಅಂಗಡಿಯವನು ನೂಲೆಳೆಯನ್ನು ಸರಿಸುವಾಗ ಮಗುವನ್ನು ಹತ್ತಿರ ನಿಲ್ಲಿಸಿ ಕೇಳಿಸಲಿ.