ಡಿಸ್ಕ್ ಇಲ್ಲದೆ ಚಾಲೂ ಆಗುವ ಕಂಪ್ಯೂಟರ್

ಕಾಸರಗೋಡಿನ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ; ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಕ್ತ ತಂತ್ರಾಂಶವನ್ನೇ ನೆಚ್ಚಿ ಬೆಳೆದು, 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಪರವಾನಗಿಯ ಹಣ ಉಳಿದದ್ದಕ್ಕಿಂತಲೂ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ತಾವೇ ಜೋಡಿಸಿ ಹಂಚುವ ಸ್ವಾತಂತ್ರ್ಯ ದೊರೆತದ್ದೇ ಇಲ್ಲಿನ ದೊಡ್ಡ ಲಾಭ.

ಆದರೆ ಶಾಲೆಯೊಂದರ ಇಪ್ಪತ್ತು ಯಂತ್ರಗಳಿಗೆ ಒಂದೊಂದಾಗಿ ಪೆನ್‌ಡ್ರೈವ್ ಚುಚ್ಚಿ ಲಿನಕ್ಸ್ ಅಳವಡಿಸುವುದು ದಿನವಿಡೀ ಹಿಡಿಯುವ ಕೆಲಸವಾದ್ದರಿಂದ, ಇಂಥಲ್ಲಿ ನೆಟ್‌ವರ್ಕ್ ಬೂಟ್, ಅಂದರೆ ಯಂತ್ರವು ತನ್ನ ಡಿಸ್ಕಿನ ಬದಲು ಕೇಬಲ್ಲಿನ ಮೂಲಕ ಚಾಲೂ ಆಗುವ ವಿಧಾನ, ನೆರವಿಗೆ ಬರುತ್ತದೆ. ಇಂಟೆಲ್ ಕಂಪನಿ 1990ರ ದಶಕದ ಕೊನೆಗೆ ರೂಪಿಸಿದ ಪಿಎಕ್ಸ್‌ಇ ಎಂಬ ಮಾನಕ ಇದರ ಬುನಾದಿ. ಬಯೋಸ್‌ನಲ್ಲಿ ನೆಟ್‌ವರ್ಕ್ ಬೂಟ್ ಆಯ್ಕೆಯನ್ನು ಮೊದಲ ಸ್ಥಾನಕ್ಕೆ ತಂದು ಗುಂಡಿ ಒತ್ತಿದೊಡನೆ, ಯಂತ್ರವು ತನಗೊಂದು ವಿಳಾಸ ಬೇಕೆಂದು ಇಡೀ ಜಾಲವನ್ನು ಕೇಳುತ್ತದೆ. ಡಿಎಚ್‌ಸಿಪಿ ಎಂಬ ವಿಳಾಸ ಹಂಚುವ ಸೇವೆಯು ಐಪಿ ವಿಳಾಸದ ಜೊತೆಗೆ ಬೂಟ್ ಕಡತ ಯಾವ ಸರ್ವರಿನಲ್ಲಿದೆ ಎಂಬುದನ್ನೂ ತಿಳಿಸುತ್ತದೆ. ಆ ಪುಟ್ಟ ಕಡತವನ್ನು ಟಿಎಫ್‌ಟಿಪಿ ಎಂಬ ಸರಳ ಸೇವೆ ತಂದುಕೊಟ್ಟ ಮೇಲೆ, ಲಿನಕ್ಸಿನ ತಿರುಳಾದ ಕರ್ನೆಲ್ ಮೆಮೊರಿಗೆ ಏರುತ್ತದೆ.

ತೊಡಕು ಹೆಚ್ಚಾಗಿ ಎದುರಾಗುವುದು ವಿಳಾಸ ಹಂಚುವಲ್ಲೇ: ಜಾಲದ ರೌಟರ್ ಕೂಡ ಡಿಎಚ್‌ಸಿಪಿ ನಡೆಸುತ್ತಿದ್ದರೆ, ಅದು ಬೂಟ್ ಕಡತದ ಸುಳಿವಿಲ್ಲದೆ ಬರೀ ವಿಳಾಸ ಕೊಟ್ಟುಬಿಡುವುದರಿಂದ ಯಂತ್ರ ಅಲ್ಲೇ ನಿಲ್ಲುತ್ತದೆ. ಆಗ ‘ಡಿಎನ್‌ಎಸ್‌ಮಾಸ್ಕ್’ ತಂತ್ರಾಂಶವನ್ನು ಪ್ರಾಕ್ಸಿ ರೀತಿಯಲ್ಲಿ ನಡೆಸಿದರೆ, ವಿಳಾಸ ಕೊಡುವುದನ್ನು ರೌಟರಿಗೇ ಬಿಟ್ಟು ಬೂಟ್ ಮಾಹಿತಿಯನ್ನಷ್ಟೇ ಅದು ಒದಗಿಸುತ್ತದೆ.

1999ರಲ್ಲಿ ಆರಂಭವಾದ ಎಲ್‌ಟಿಎಸ್‌ಪಿ ಯೋಜನೆ ಇನ್ನೂ ಮುಂದೆ ಹೋಗಿ, ಡಿಸ್ಕೇ ಇಲ್ಲದ ಹಳೆಯ ಯಂತ್ರಗಳನ್ನು ಒಂದೇ ಸರ್ವರಿನಿಂದ ನಡೆಸುವುದನ್ನು ಸಾಧ್ಯವಾಗಿಸಿದ್ದು, ಮಂಗಸೂಳಿಯಂಥ ಗಡಿಯೂರಿನ ಶಾಲೆಯಲ್ಲಿ ಮೂಲೆ ಸೇರಿದ ಕಂಪ್ಯೂಟರುಗಳಿಗೂ ಈ ಹಾದಿ ತೆರೆದಿದೆ.